ಲೋಮಾ ಕೆಮಾದದ ಫೋನು

2016ರ ಮಾರ್ಚ್ 9, ಬುಧವಾರ ಬೆಳಿಗ್ಗೆ 8.40ಕ್ಕೆ ಕ್ಯೂಬಾದ ಸಾಂತಾ ರುಫಿನಾ ಠಾಣೆಗೆ ಒಂದು ದೂರು ಬಂತು. ದೂರುದಾರ ಎರಿಬೆರ್ತೊ ಪಾನೆಕೆ, ವಯಸ್ಸು 51, ಊರಿನ ದೂರವಾಣಿ ಕಚೇರಿಯ ಮುಖ್ಯಸ್ಥ. ಟವರಿನ ಸಿಗ್ನಲ್ ಹಿಡಿದು ಫೋನು, ಇಂಟರ್‌ನೆಟ್ ಎರಡನ್ನೂ ಕೊಡುವ ಒಂದು ಸೆಟ್, ಅದರ ಆಂಟೆನಾ, ಬ್ಯಾಟರಿ, ಸೌರಫಲಕ ಸಮೇತ ಕಚೇರಿಯ ಉಗ್ರಾಣದಿಂದ ಕಳುವಾಗಿದೆ ಎಂಬುದು ದೂರು. ಸೆಟ್ಟಿನ ನಂಬರು 0417.

ಲೆಫ್ಟಿನೆಂಟ್ ಇದಾಲ್ಮಿಸ್ ಗೊಂಗೊರಾ ಎಫ್‌ಐಆರನ್ನು ಕೈಯಲ್ಲೇ ಬರೆದಳು. ಠಾಣೆಯ ಟೈಪ್‌ರೈಟರಿಗೆ ರಿಬ್ಬನ್ ಇರಲಿಲ್ಲ. ಯಾಕಿಲ್ಲ ಎಂದರೆ ದಿಗ್ಬಂಧನ. ಸೋಪಿಲ್ಲ, ದಿಗ್ಬಂಧನ. ಬಸ್ಸು ಬರಲಿಲ್ಲ, ದಿಗ್ಬಂಧನ. ಆ ಮಾತು ಪೂರ್ತಿ ಸುಳ್ಳಾಗಿದ್ದರೆ ಅವಳಿಗೆ ಅಷ್ಟು ಮೈ ಉರಿಯುತ್ತಿರಲಿಲ್ಲ. ಸಮುದ್ರದಾಚೆಯ ಅಮೆರಿಕ ಐವತ್ತು ಚಿಲ್ಲರೆ ವರ್ಷಗಳಿಂದ ಕ್ಯೂಬಾಕ್ಕೆ ಒಂದು ಸ್ಕ್ರೂ ಕೂಡ ಬಾರದಂತೆ ತಡೆದದ್ದು ನಿಜವೇ. ಆ ನಿಜದ ಕೊಡೆಯಡಿ ಊರಿನ ಸುಳ್ಳುಗಳೆಲ್ಲ ನೆನೆಯದೆ ನಿಂತಿದ್ದವು.

"ಯಾವಾಗಿಂದ ಕಾಣ್ತಿಲ್ಲ?"

"ಭಾನುವಾರದಿಂದ."

"ಇವತ್ತು ಬುಧವಾರ."

"ಹುಡುಕ್ತಾ ಇದ್ವಿ, ಕಾಮ್ರೇಡ್. ಉಗ್ರಾಣ ದೊಡ್ಡದು."

ಉಗ್ರಾಣ ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ ಇತ್ತು. 10.15ಕ್ಕೆ ಇಬ್ಬರು ಪಂಚರ ಎದುರಿಗೆ ಪಂಚನಾಮೆ ಶುರುವಾಯಿತು. ಬೀಗ ಒಡೆದಿಲ್ಲ, ಕಿಟಕಿ ಸರಳು ಬಾಗಿಲ್ಲ. ಪಾನೆಕೆ ತೋರಿಸಿದ ಹಲಗೆಯ ಮೇಲೆ ಒಂದೇ ಸಮನಾಗಿ ಧೂಳು ಕೂತಿತ್ತು. ಇದಾಲ್ಮಿಸ್ ಅದರ ಮೇಲೆ ಬೆರಳಿಂದ ಗೆರೆ ಎಳೆದಳು.

"ಇಲ್ಲೇ ಇತ್ತಾ?"

"ಇಲ್ಲೇ."

"ಕಳ್ಳ ಸೆಟ್ ಎತ್ಕೊಂಡ ಮೇಲೆ ಧೂಳು ಮತ್ತೆ ಹರಡಿ ಹೋದ್ನಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಪಾನೆಕೆಯ ಕೈ ತಾನಾಗಿ ಕಾಲರಿಗೆ ಹೋಯಿತು.

ಹೊರಗೆ ಬಂದ ಮೇಲೆ ಕಾನ್‌ಸ್ಟೇಬಲ್ ಯೂನಿಯೆಲ್ ತಲೆ ಕೆರೆದುಕೊಂಡು ಹೇಳಿದ: "ಇವನ ಭಾವಮೈದುನಂದು ಸಮುದ್ರದ ಕಡೆ ಲಾಡ್ಜ್ ಇದೆಯಲ್ಲ, ಲೆಫ್ಟಿನೆಂಟ್. ಶನಿವಾರದವರೆಗೂ ಅಲ್ಲಿ ಕೋಣೆಯೊಳಗೇ ನೆಟ್ ಬರ್ತಿತ್ತು. ಈಗ ಇಟಲಿಯ ಪ್ರವಾಸಿಗಳು ನೆಟ್ ಹಿಡಿಯೋಕೆ ನಮ್ ಜೊತೆ ಪಾರ್ಕಲ್ಲಿ ಕೂತು ಸೊಳ್ಳೆ ಹೊಡ್ಕೋತಿದಾರೆ."

"ಇದನ್ನ ಈಗ ಹೇಳ್ತೀಯಾ?"

"ನೀವು ಈಗ ಹೊರಗೆ ಬಂದ್ರಿ."

ಲಾಡ್ಜಿನ ಮಾಳಿಗೆಯ ಮೇಲೆ ಬೋಲ್ಟಿನ ನಾಲ್ಕು ಹೊಸ ತೂತುಗಳಿದ್ದವು. ಭಾವಮೈದುನ ತನಗೇನೂ ಗೊತ್ತಿಲ್ಲ ಎಂದ. ಅಡುಗೆಯ ಹೆಂಗಸಿಗೆ ಎಲ್ಲ ಗೊತ್ತಿತ್ತು.

"ಭಾನುವಾರ ಮಧ್ಯಾಹ್ನ, ಎಲ್ಲಾರೂ ಬೇಸ್‌ಬಾಲ್ ನೋಡ್ತಿದ್ರು. ಒಬ್ಬ ಅಜ್ಜ ಏಣಿ ತಂದ. ಫೋನ್ ಆಫೀಸಿನ ಹಳೇ ಅಂಗಿ ಹಾಕಿದ್ದ. ಏಣಿ ಅಲ್ಲಾಡ್ತಿತ್ತು, ನಾನೇ ಹಿಡ್ಕೊಂಡೆ."

"ಏನೂ ಕೇಳ್ಲಿಲ್ವಾ?"

"ಕಾಫಿ ಬೇಕಾ ಅಂತ ಕೇಳ್ದೆ. ಕುಡ್ದ."

ಇದಾಲ್ಮಿಸ್ ಕತ್ತರಿಸಿದ ಕೇಬಲ್ಲಿನ ತುದಿಯನ್ನು ಎತ್ತಿ ನೋಡಿದಳು. ಹಳೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಮೂರು ಸುತ್ತು ಬಿಗಿದು, ಕೊನೆಯನ್ನು ಒಳಗೆ ಸಿಕ್ಕಿಸಿ ಕಟ್ಟಿತ್ತು. ನೀರು ಇಳಿಯಬಾರದೆಂದು ಕಟ್ಟಿದ ಗಂಟು. ಕದ್ದು ಓಡುವವನು ಬಿಟ್ಟುಹೋಗುವ ಕೇಬಲ್ಲಿನ ಆರೋಗ್ಯ ನೋಡುವುದಿಲ್ಲ. ಇನ್ಸುಲೇಷನ್ ಟೇಪ್ ಕಾಣದ ಈ ದೇಶದಲ್ಲಿ ಲೈನ್‌ಮನ್‌ಗಳು ಟ್ಯೂಬನ್ನೇ ಕೊಯ್ದು ಸುತ್ತುತ್ತಿದ್ದರು, ಮತ್ತು ಒಬ್ಬೊಬ್ಬರ ಕಟ್ಟು ಒಂದೊಂದು ಬಗೆ. ಅವಳು ತಲೆಯೆತ್ತಿದಳು. ಎದುರಿನ ಕಂಬದಲ್ಲಿ ಅದೇ ಮೂರು ಸುತ್ತಿತ್ತು. ಠಾಣೆಯವರೆಗಿನ ಹದಿನೇಳು ಕಂಬಗಳಲ್ಲಿ ಹದಿಮೂರರಲ್ಲಿ ಅದೇ.

ದೂರವಾಣಿ ಕಚೇರಿಯ ಆಪರೇಟರ್ ಹೆಂಗಸು ಗಂಟನ್ನು ನೋಡಿದ ಕೂಡಲೇ ಹೆಸರು ಹೇಳಿದಳು. ಎವೆಲಿಯೊ ಮುಲೆತ್, ನಿವೃತ್ತನಾಗಿ ಎರಡು ವರ್ಷ, ಗುಡ್ಡದ ಮೇಲಿನ ಲೋಮಾ ಕೆಮಾದದವನು. ಹೇಳಿ, ಬಾಗಿಲ ಕಡೆ ಒಮ್ಮೆ ನೋಡಿ, ಒಂದು ಕಡತವನ್ನು ಮೇಜಿನ ಮೇಲೆ ಸರಿಸಿದಳು.

"ಶುಕ್ರವಾರ ಪ್ರಾಂತ್ಯದಿಂದ ಉಗ್ರಾಣದ ಲೆಕ್ಕ ತಪಾಸಣೆಗೆ ಬರ್ತಾರೆ. ಅದಕ್ಕೇ ಪಾನೆಕೆಯವರು ಕಂಪ್ಲೇಂಟ್ ಕೊಟ್ಟಿದ್ದು. ನಾನು ಹೇಳ್ದೆ ಅನ್ಬೇಡಿ."

ಹಿಂದಿನ ವರ್ಷ ಅಮೆರಿಕ ತನ್ನ ನಿಯಮ ಸಡಿಲಿಸಿ, ದೂರವಾಣಿ ಸಾಮಾನು ಕಳಿಸಲು ಒಪ್ಪಿದ ಮೇಲೆ, ಅಲ್ಲಿಗೆ ವಲಸೆ ಹೋದ ಊರಿನವರು ಸೇರಿ ಟ್ಯಾಂಪಾ ನಗರದಿಂದ ಹನ್ನೆರಡು ಸೆಟ್ ಕಳಿಸಿದ್ದರು. ಕಡತದಲ್ಲಿ ಪ್ರತಿ ನಂಬರಿನ ಎದುರಿಗೂ ಒಂದು ಗುಡ್ಡದ ಹಳ್ಳಿಯ ಹೆಸರು. 0417ರ ಎದುರಿಗೆ ಲೋಮಾ ಕೆಮಾದ. ಮುಟ್ಟಿದ ದಿನ 2015ರ ಆಗಸ್ಟ್ 20, ಸಹಿ ಪಾನೆಕೆ. ಕೆಳಗೆ ನವೆಂಬರಿನ ಒಂದು ಪತ್ರದ ಪ್ರತಿ, ಹಳ್ಳಿಯವರ ಅರ್ಜಿಗೆ ಉತ್ತರ: ದಿಗ್ಬಂಧನದ ಕಾರಣ ಸಾಮಾನು ಬಂದಿರುವುದಿಲ್ಲ. ಅದರಲ್ಲೂ ಅದೇ ಸಹಿ.

ಇದಾಲ್ಮಿಸ್ ಅದನ್ನು ಮೂರು ಸಲ ಓದಿದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಅಷ್ಟು ದೊಡ್ಡ ದೇಶದ ಹಟವೇ ಒಂದಿಷ್ಟು ಸಡಿಲಿತು, ಆದರೆ ಪಾನೆಕೆಯ ಮುಷ್ಟಿ ಸಡಿಲಲಿಲ್ಲ.

ಮಾರ್ಚ್ 10, ಗುರುವಾರ. ಜೀಪು ಸೇತುವೆವರೆಗೆ ಹೋಯಿತು, ಮುಂದಕ್ಕೆ ಹೇಸರಗತ್ತೆ. 11.20ಕ್ಕೆ ಲೋಮಾ ಕೆಮಾದ ತಲುಪಿದರು. ಸೊಯ್ಲಾ ಎಂಬ ಹೆಂಗಸಿನ ಜಗಲಿಯಲ್ಲಿ, ಕ್ರೋಷಾ ಹಾಕಿದ ಬಟ್ಟೆಯ ಮೇಲೆ ಫೋನು ಕೂತಿತ್ತು. ಎಂಟು ಜನ ಸರದಿಯಲ್ಲಿದ್ದರು. ಎವೆಲಿಯೊ ಸೂರಿನ ಮೇಲೆ ಫಲಕ ಒರೆಸುತ್ತಿದ್ದ.

"ನಿನ್ನೆನೇ ಬರ್ತೀಯ ಅನ್ಕೊಂಡಿದ್ದೆ, ಮಗಳೇ," ಎಂದ.

"ಇಳೀರಿ ಅಜ್ಜಾ. ನಿಧಾನ."

"ಐವತ್ತು ವರ್ಷ ಕಂಬ ಹತ್ತಿಳಿದೋನಿಗೆ ನಿಧಾನ ಅಂತೀಯಲ್ಲ."

ಸೊಯ್ಲಾ ಫೋನಿಗೆ ಅಡ್ಡ ನಿಂತಳು. ಅವಳ ಹಿಂದೆ ಎಂಟು ತಿಂಗಳ ಬಸುರಿ ಸೊಸೆ, ಕಾಲು ಬಾತು ಕಂಬದಂತಾಗಿತ್ತು.

"ಇವನನ್ನ ಒಯ್ರಿ, ಅದು ನಿಮ್ ಕಾನೂನು. ಫೋನ್ ಬಿಚ್ಚಿದ್ರೆ ನಾಳೆ ಇವಳಿಗೆ ಹೆಚ್ಚುಕಮ್ಮಿ ಆದಾಗ ಆಂಬುಲೆನ್ಸಿಗೆ ಯಾವ ಮರ ಹತ್ತಿ ಕೂಗ್ಲಿ? ಹೇಳಿ ಹೋಗ್ರಿ."

ಕಳುವಿನ ಮಾಲನ್ನು ಜಪ್ತಿ ಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಇದಾಲ್ಮಿಸ್ ಜಗಲಿಯಲ್ಲೇ ಕೂತು ಬರೆದಳು. ಸೆಟ್ ನಂಬರು 0417 ತಾಳೆಯಾಯಿತು. ಕಾಗದಪತ್ರದ ಪ್ರಕಾರ ಇದು ಇದೇ ಹಳ್ಳಿಗೆ ಸೇರಿದ್ದು. ಬಿಚ್ಚಿದರೆ ಸಾಕ್ಷ್ಯ ಕೆಡುವ ಸಂಭವವಿರುವುದರಿಂದ ಜಪ್ತಿ ಮಾಡಿ, ಚಾಲ್ತಿ ಸ್ಥಿತಿಯಲ್ಲೇ ಸೊಯ್ಲಾ ಅವರ ಸುಪರ್ದಿಗೆ ಒಪ್ಪಿಸಲಾಗಿದೆ.

ಯೂನಿಯೆಲ್ ಬಗ್ಗಿ ಓದಿದ. "ಹಿಂಗೂ ಬರೀಬಹುದಾ?"

"ಬರೆದಾಯ್ತಲ್ಲ. ಸಹಿ ಹಾಕು."

1.05ಕ್ಕೆ ಎವೆಲಿಯೊನ ಬಂಧನವಾಯಿತು. ಅವನು ಅಂಗಿ ಬದಲಾಯಿಸಿ, ಶೂ ಒರೆಸಿಕೊಂಡು ಬಂದ. ಹೇಳಿಕೆ ದಾಖಲಾದದ್ದು ಠಾಣೆಯಲ್ಲಿ, 4.30ಕ್ಕೆ.

"ಸೆಟ್ ಲಾಡ್ಜಲ್ಲಿದೆ ಅಂತ ಹೇಗೆ ಗೊತ್ತಾಯ್ತು?"

"ರಸ್ತೇಲಿ ಹೋಗ್ತಾ ಆಂಟೆನಾ ಕಾಣ್ತು. ಲೈನ್‌ಮನ್ ಕಣ್ಣು ಮೇಲೇ ಇರುತ್ತೆ."

"ದೂರು ಕೊಡಬಹುದಿತ್ತು."

"ಯಾರಿಗೆ? ಪಾನೆಕೆಗಾ?"

ಅವಳು ಅದನ್ನೂ ಬರೆದುಕೊಂಡಳು. ಅವನೇ ಮುಂದುವರಿದ.

"2009ರಲ್ಲಿ ನನ್ ಹೆಂಡ್ತಿ ಎಮೆಲಿನಾಗೆ ಎದೆನೋವು ಬಂತು. ಊರಿನ ಫೋನ್ ಕೆಟ್ಟು ಎಂಟು ತಿಂಗಳಾಗಿತ್ತು. ಜೋಲಿ ಕಟ್ಟಿ ಹೊತ್ಕೊಂಡು ಇಳಿದ್ವಿ. ಸೇತುವೆ ಹತ್ರ ತೀರಿಹೋದ್ಲು. ಆ ಫೋನ್ ರಿಪೇರಿ ಮಾಡಬೇಕಾದೋನು ನಾನೇ. ದಿಗ್ಬಂಧನ, ಬಿಡಿಭಾಗ ಬರಲ್ಲ ಅಂತ ಆಫೀಸಲ್ಲಿ ಹೇಳಿದ್ರು, ಅದನ್ನೇ ಗುಡ್ಡ ಹತ್ತಿ ಊರಿಗೆಲ್ಲಾ ಹೇಳ್ದೆ. ಅವಳಿಗೂ ಹೇಳಿದ್ದೆ. ನಾನು ಹೇಳಿದ್ದಕ್ಕೆ ನಂಬಿದ್ಲು." ಸ್ವಲ್ಪ ಹೊತ್ತು ತನ್ನ ಅಂಗೈ ನೋಡಿಕೊಂಡ. "ಆಗ ಅದು ನಿಜನಾ, ಸುಳ್ಳಾ, ಈಗ ಹೇಗೆ ತಿಳ್ಕೊಳ್ಳೋದು? ಆ ಆಂಟೆನಾ ನೋಡಿದ ದಿನದಿಂದ ನಿದ್ದೆ ಇಲ್ಲ, ಮಗಳೇ."

ಸಂಜೆ 5.20ಕ್ಕೆ ಪಾನೆಕೆಯನ್ನು ಕರೆಸಲಾಯಿತು. ಇದಾಲ್ಮಿಸ್ ರಸೀತಿ, ಪತ್ರ ಎರಡನ್ನೂ ಅವನ ಮುಂದಿಟ್ಟಳು.

"ನೋಡಿ ಕಾಮ್ರೇಡ್, ದಿಗ್ಬಂಧನದ ಪರಿಸ್ಥಿತೀಲಿ..."

ಅವಳ ಅಂಗೈ ಮೇಜಿಗೆ ಬಡಿದ ಸದ್ದಿಗೆ ಯೂನಿಯೆಲ್ ಎದ್ದು ನಿಂತ.

"ಆ ಮಾತು ಇನ್ನೊಂದ್ಸಲ ನನ್ನೆದುರು ಆಡಬೇಡಿ. ಹೆಣ ಹೊತ್ತವರು ಆಡ್ಲಿ. ನೀವಲ್ಲ."

ಅವನ ಮೇಲೆ ಎರಡನೇ ಎಫ್‌ಐಆರ್ ದಾಖಲಾಯಿತು. ಅಧಿಕಾರಿಯಾದ್ದರಿಂದ ಬಂಧಿಸಲು ಪ್ರಾಂತ್ಯದ ಒಪ್ಪಿಗೆ ಬೇಕು, ಅದು ಬಂದಿರಲಿಲ್ಲ. ಪಾನೆಕೆ ಕಚೇರಿಯ ಕಾರಿನಲ್ಲಿ ಮನೆಗೆ ಹೋದ. ಎಪ್ಪತ್ತು ವರ್ಷದ ಮುದುಕ ಸರಳಿನ ಹಿಂದೆ ಕೂತಿದ್ದ. ಎದುರಿಗಿದ್ದ ಅನ್ನ, ಕಪ್ಪು ಬೀನ್ಸಿನ ತಟ್ಟೆಯನ್ನು ಅವನು ಮುಟ್ಟಿರಲಿಲ್ಲ.

6.10ಕ್ಕೆ ಠಾಣೆಯ ಫೋನು ರಿಂಗಾಯಿತು.

"ಲೋಮಾ ಕೆಮಾದದಿಂದ," ಎಂದಳು ಸೊಯ್ಲಾ. ಅವಳ ಹಿಂದೆ ಇಡೀ ಸರದಿಯ ಗದ್ದಲ. "ಎವೆಲಿಯೊ ಊಟ ಮಾಡಿದ್ನಾ?"

ಇದಾಲ್ಮಿಸ್ ಫೋನಿನ ತಂತಿಯನ್ನು ಆದಷ್ಟೂ ಎಳೆದು, ರಿಸೀವರನ್ನು ಸರಳಿನ ಸಂದಿಯಿಂದ ಒಳಗೆ ಕೊಟ್ಟಳು. ಮುದುಕ ಎರಡೂ ಕೈಯಲ್ಲಿ ಹಿಡಿದುಕೊಂಡ.

"ಸೊಯ್ಲಾ? ಧ್ವನಿ ಸರಿಯಾಗಿ ಬರ್ತಿದ್ಯಾ? ಗೊರಗೊರ ಏನೂ ಇಲ್ವಾ?"

ಆ ಕಡೆಯಿಂದ ಇಲ್ಲ ಅಂದಿರಬೇಕು. ಅವನು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ.