ಹೋಗಲು ಹದಿನಾಲ್ಕು ಗಂಟೆ

ಬೀರುವಿನ ಬೀಗ ಹಾಕಿದಂತೆಯೇ ಇತ್ತು. ಒಳಗಿದ್ದ ಪಿಟೀಲು ಮಾತ್ರ ಇರಲಿಲ್ಲ.

ನೂರು ವರ್ಷದ ವಾದ್ಯ. ರಿಪೇರಿ ಮುಗಿದಿತ್ತು; ಸಂಜೆ ಐದಕ್ಕೆ ಅದರ ಒಡೆಯರು ಬರುವವರಿದ್ದರು. ಮಧ್ಯಾಹ್ನ ಒಂದಕ್ಕೆ ತೆರೆದು ನೋಡಿದರೆ ಬೀರು ಖಾಲಿ!

ಫೋನ್ ಬಂದಾಗ ನಾನು ಮನೆಯಲ್ಲಿ ಊಟಕ್ಕೆ ಕೂತಿದ್ದೆ. ನಾನು ಇನ್‌ಸ್ಪೆಕ್ಟರ್. ಆದರೆ ಜೀಪು ಮೊದಲು ಹತ್ತಿದ್ದು ನನ್ನ ಹೆಂಡತಿಯ ತಾಯಿ. ಮೂವತ್ತು ವರ್ಷ ನಿಲ್ದಾಣದಲ್ಲಿ ಕೂತು ವಿಮಾನಗಳಿಗೆ ದಾರಿ ಗೊತ್ತುಮಾಡಿದ ಅತ್ತೆಯನ್ನು ಕೆಳಗಿಳಿಸುವ ಧೈರ್ಯ ನನಗಿಲ್ಲ.

"ಬೀಗದಕೈ ಎಷ್ಟಿವೆ?" ವಾದ್ಯ ರಿಪೇರಿ ಅಂಗಡಿಯ ಯಜಮಾನರನ್ನು ಕೇಳಿದೆ.

"ಎರಡೇ. ಒಂದು ಇವಳ ಹತ್ರ." ರಿಪೇರಿ ಮಾಡುವ ಹೆಂಗಸಿನತ್ತ ಬೆರಳು ತೋರಿಸಿದರು. "ನಾನು ಮರೆಗುಳಿ, ನನ್ನದನ್ನ ಭಾವಮೈದನಿಗೆ ಕೊಟ್ಟಿದ್ದೆ. ಅವನು ಊರಲ್ಲೇ ಇರಲಿಲ್ಲ. ಇನ್ನು ಉಳಿದವರು ಯಾರು, ನೀವೇ ಹೇಳಿ."

ಇಪ್ಪತ್ತೆರಡು ವರ್ಷ ಅದೇ ಮೇಜಿಗೆ ಕೂತು ದುಡಿದವಳು ಆಕೆ. ಬೆರಳುಗಳ ತುಂಬ ಅಂಟಿನ ಕಲೆ.

"ಬೆಳಿಗ್ಗೆ ಒಂಬತ್ತಕ್ಕೆ ಯಜಮಾನರ ಎದುರಿಗೇ ಪಿಟೀಲಿಟ್ಟು ಬೀಗ ಹಾಕಿದೆ. ಹನ್ನೊಂದಕ್ಕೆ ತಂತಿ ತರೋಕೆ ಹೋಗಿ ಅರ್ಧ ಗಂಟೇಲಿ ಬಂದೆ. ಕಳ್ಳಿ ಅನ್ನಿಸಿಕೊಂಡ ಮೇಲೆ ಇನ್ಯಾರು ನನ್ನ ಕೈಗೆ ವಾದ್ಯ ಕೊಡ್ತಾರೆ ಸಾರ್?"

ಭಾವಮೈದ ಲಾರಿ ಸಾಗಣೆಯ ಕಚೇರಿ ನಡೆಸುವವನು. ಸೂಟ್‌ಕೇಸಿನ ಹಿಡಿಯ ಮೇಲೆ ಕೈಯೂರಿ ಆರಾಮಾಗಿ ನಿಂತಿದ್ದ.

"ನೀವು ಬಂದದ್ದು?"

"ಒಂದಕ್ಕೆ. ಏರ್‌ಪೋರ್ಟಿಂದ ನೇರ ಇಲ್ಲಿಗೆ. ನಾನು ಕಾಲಿಡೋದಕ್ಕೂ ಭಾವ ಬೀರು ತೆಗೆಸೋದಕ್ಕೂ ಸರಿಹೋಯ್ತು."

ಅತ್ತೆ ನಡುವೆ ಬಾಯಿ ಹಾಕಿದರು. "ತುಂಬಾ ದೂರವೇನ್ರೀ?"

"ಹನ್ನೆರಡು ಸಾವಿರ ಕಿಲೋಮೀಟರ್, ಅಮ್ಮ! ಪೂರ್ವದ ಆ ತುದಿ. ನಮ್ಮ ಗಡಿಯಾರದಲ್ಲಿ ನಿನ್ನೆ ರಾತ್ರಿ ಹತ್ತಕ್ಕೆ ಹೊರಟೆ, ಇವತ್ತು ಹನ್ನೆರಡಕ್ಕೆ ಇಳಿದೆ. ಹೋಗೋಕೆ ಹದಿನಾಲ್ಕು ಗಂಟೆ, ಬರೋಕೆ ಹದಿನಾಲ್ಕು ಗಂಟೆ."

"ನೇರ ವಿಮಾನವೇ?"

"ದಿನಕ್ಕೆ ಅದೊಂದೇ ಇರೋದು."

"ಪಾಪ, ಸುಸ್ತಾಗಿರತ್ತೆ." ಅತ್ತೆ ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದರು. "ಅಳಿಯಂದಿರೇ, ಆ ಸೂಟ್‌ಕೇಸ್ ತೆಗೆಸಿ."

"ಯಾಕೆ?" ಅವನ ದನಿ ಏರಿತು.

"ಲಾರಿ ಹೋದಷ್ಟೇ ಹೊತ್ತಲ್ಲಿ ವಾಪಸು ಬರತ್ತೆ. ಈ ದಾರೀಲಿ ವಿಮಾನ ಹಾಗೆ ಬರಲ್ಲ. ಅಷ್ಟು ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸತ್ತೆ — ಹೋಗುವಾಗ ಬೆನ್ನಿಗೆ, ಬರುವಾಗ ಎದುರಿಗೆ. ಬರೋಕೆ ಹದಿನಾರೂವರೆ ಗಂಟೆ ಬೇಕು. ಹೊರಡೋ ಹೊತ್ತೇನೋ ವಿಚಾರಿಸಿದ್ರಿ. ಇಳಿಯೋ ಹೊತ್ತನ್ನ ನಿಮ್ಮ ಲಾರಿ ಲೆಕ್ಕದಲ್ಲಿ ಕೂಡಿಸಿಬಿಟ್ರಿ. ಈಗ ಎರಡು ಗಂಟೆ. ನಿಲ್ದಾಣದವರನ್ನ ಕೇಳಿದೆ, ಆ ವಿಮಾನ ಇನ್ನೂ ಆಕಾಶದಲ್ಲಿದೆ. ನೀವು ಹೇಗ್ರೀ ಇಳಿದ್ರಿ?"

ಸೂಟ್‌ಕೇಸ್ ತೆಗೆಸಿದೆ. ಮಡಿಸಿದ ಅಂಗಿಗಳ ನಡುವೆ ಪಿಟೀಲು! ಪ್ರಯಾಣ ಹೊರಟಂತೆ ನಟಿಸಿ ಊರಲ್ಲೇ ಉಳಿದಿದ್ದ. ಹನ್ನೊಂದಕ್ಕೆ ಆಕೆ ಹೊರಗೆ ಹೋದದ್ದನ್ನು ನೋಡಿ ಹಿಂಬಾಗಿಲಿನಿಂದ ಬಂದಿದ್ದ. ಸಂಜೆಯ ಲಾರಿಗೆ ಅದನ್ನು ಏರಿಸುವವನಿದ್ದ. ವಿಮಾನದಲ್ಲಿ ಬಂದವನೆಂದು ನಾನು ಆ ಪೆಟ್ಟಿಗೆಯನ್ನು ಮುಟ್ಟಿಯೂ ನೋಡಿರಲಿಲ್ಲ. ನನಗೆ ನಾಚಿಕೆಯಾಯಿತು.

ಯಜಮಾನರು ತಲೆ ತಗ್ಗಿಸಿ, ಅವನಿಂದ ಕಸಿದುಕೊಂಡ ಬೀಗದಕೈಯನ್ನು ಆಕೆಯ ಮೇಜಿನ ಮೇಲಿಟ್ಟರು. "ತಪ್ಪಾಯ್ತಮ್ಮ. ಇದೂ ನಿನ್ನ ಹತ್ರವೇ ಇರಲಿ."

ಆಕೆ ಅದರತ್ತ ನೋಡಲಿಲ್ಲ. ಪಿಟೀಲನ್ನು ಎದೆಗವಚಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ತಂತಿಗಳನ್ನು ಶ್ರುತಿ ಮಾಡತೊಡಗಿದಳು.

ಅವನನ್ನು ಜೀಪಿಗೆ ಹತ್ತಿಸುವಾಗ ಎರಡೂವರೆ. ತಲೆಯ ಮೇಲೆ ದೊಡ್ಡ ಸದ್ದು. ಅತ್ತೆ ಕತ್ತೆತ್ತಿ ನೋಡಿ, ಅವನ ಭುಜ ತಟ್ಟಿದರು.

"ನೋಡ್ರೀ, ನಿಮ್ಮ ವಿಮಾನ ಬಂತು."