ಜೋಡಣೆ ನುಂಗಿದ ಎರಡು ಸರಳು

"ನನ್ನ ಗಂಡ ಇರುವೆ ತುಳಿಯೋಕೂ ಹೆದರೋರು. ಅವರು ಮಾಲೀಕರನ್ನ ಮಹಡಿಯಿಂದ ತಳ್ತಾರಾ?" ಎಂದು ಕಾರ್ಖಾನೆ ಕಾವಲುಗಾರನ ಹೆಂಡತಿ ನಮ್ಮತ್ತೆಯ ಮುಂದೆ ಅತ್ತಳು. ಜೊತೆಗೆ ಬಂದಿದ್ದ ಅವಳ ತಮ್ಮ ತಲೆ ಎತ್ತಲಿಲ್ಲ.

ನಮ್ಮತ್ತೆ ನಲವತ್ತು ವರ್ಷ ಬಟ್ಟೆ ಹೊಲಿದವರು. ನಮ್ಮ ಬೀದಿಯ ಪತ್ತೇದಾರಿಕೆಯೂ ಅವರದೇ. ಅಳಿಯನಾದ ತಪ್ಪಿಗೆ ಅವರ ಚೀಲ ಹೊರುವವನು ನಾನು.

ಕಾರ್ಖಾನೆಯ ಮಹಡಿಯಲ್ಲಿ ಎರಡು ವೈಡ್ ಆಂಗಲ್ ಕ್ಯಾಮೆರಾಗಳಿದ್ದವು. ಅವುಗಳ ಚಿತ್ರಗಳನ್ನು ಒಂದೇ ಉದ್ದನೆಯ ಚಿತ್ರವಾಗಿ ಜೋಡಿಸುವ ಕೆಲಸ ಆ ತಮ್ಮನದು. ಮಾಲೀಕರು ಬಿದ್ದು ಸತ್ತ ಗಳಿಗೆಯ ಜೋಡಿಸಿದ ಚಿತ್ರದಲ್ಲಿ, ಮಹಡಿಯಂಚಿನ ಕಟಾಂಜನದ ತುದಿಯಲ್ಲಿ ಕಾವಲುಗಾರನೊಬ್ಬನೇ ಕಾಣುತ್ತಿದ್ದ. ಬಿಡಿ ಚಿತ್ರಗಳು ಅಳಿಸಿಹೋಗಿದ್ದವು. ಮಬ್ಬುಗತ್ತಲಲ್ಲಿ ಮುಖ ಕಾಣದ ಯಾರೋ ಓಡಿಹೋದರು ಎಂಬ ಅವನ ಮಾತನ್ನು ನಂಬದ ಪೊಲೀಸರಿಗೆ ಅಷ್ಟೇ ಸಾಕಾಗಿತ್ತು.

ಅತ್ತೆ ಕಟಾಂಜನದ ಸರಳುಗಳನ್ನು ಮುಟ್ಟಿ ಮುಟ್ಟಿ ಎಣಿಸಿದರು. ಇಪ್ಪತ್ತೆರಡು. ಚಿತ್ರದಲ್ಲಿ ಇಪ್ಪತ್ತೇ! ಹಿಂದಿನ ದಿನದ ಚಿತ್ರ ತರಿಸಿದರೆ ಸರಳುಗಳು ಸರಿಯಾಗಿದ್ದವು, ಆದರೆ ಆಚೆ ಗೋಡೆಯ ಗಡಿಯಾರ ಎರಡೆರಡು ಕಾಣುತ್ತಿತ್ತು.

ಮರುದಿನ ಅದೇ ಮಹಡಿಯಲ್ಲಿ ಅತ್ತೆ ಇನ್‌ಸ್ಪೆಕ್ಟರ್, ಅಕ್ಕ, ತಮ್ಮ ಎಲ್ಲರನ್ನೂ ಸೇರಿಸಿದರು.

"ಪಟ್ಟೆ ಬಟ್ಟೆ ಹೊಲಿಯುವಾಗ ಈ ಕಡೆ ಪಟ್ಟೆ ಕೂಡಿಸಿದ್ರೆ ಆ ಕಡೆ ಕೈ ಕೊಡುತ್ತೆ. ಇದೂ ಅಷ್ಟೇ. ಹತ್ತಿರದ ಕಟಾಂಜನಕ್ಕೆ ಹೊಂದಿಸಿದ್ರೆ ದೂರದ ಗಡಿಯಾರ ಎರಡಾಗುತ್ತೆ. ಗೋಡೆಗೆ ಹೊಂದಿಸಿದ್ರೆ ಹತ್ತಿರದ್ದನ್ನ ಹೊಲಿಗೆ ನುಂಗುತ್ತೆ. ದಿನಾ ಕಟಾಂಜನಕ್ಕೆ ಹೊಂದಿಸೋನು ಅವತ್ತು ಮಾತ್ರ ಗೋಡೆಗೆ ಹೊಂದಿಸಿದ. ಗಡಿಯಾರ ಒಂದೇ ಆಯ್ತಾ ಅಂತ ನೋಡಿದ, ಸರಳು ಎಣಿಸೋದು ಮರೆತ. ಎರಡು ಸರಳಿನ ಜೊತೆ ಮಾಲೀಕರೂ ಮಾಯ, ತಳ್ಳಿದವನೂ ಮಾಯ."

"ಬೇರೆ ಯಾರನ್ನೋ ಉಳಿಸೋಕೆ ಮಾಡಿರಬಹುದಲ್ಲಮ್ಮಾ?" ಎಂದರು ಇನ್‌ಸ್ಪೆಕ್ಟರ್.

"ಸ್ವಂತ ಭಾವ ಜೈಲು ಸೇರ್ತಿದ್ರೂ ಬಾಯಿ ಬಿಡದೆ ಕೂತವನು, ತನ್ನನ್ನ ಬಿಟ್ಟು ಇನ್ಯಾರನ್ನ ಉಳಿಸ್ತಾನೆ ಸ್ವಾಮಿ?"

ತಮ್ಮ ಅಕ್ಕನ ಕಾಲು ಹಿಡಿದ. "ಕೆಲಸದಿಂದ ತೆಗೀತೀನಿ ಅಂದ್ರು ಅಕ್ಕಾ. ಸಿಟ್ಟಲ್ಲಿ ಕೈ ಮುಂದಾಯ್ತು. ಸದ್ದು ಕೇಳಿ ಭಾವ ಓಡಿ ಬರ್ತಾರೆ ಅಂತ ನನಗೇನು ಗೊತ್ತು?"

ಅಕ್ಕ ಹೊಡೆಯಲು ಕೈ ಎತ್ತಿದಳು. ಹೊಡೆಯಲಾಗಲಿಲ್ಲ. "ತಾಯಿಲ್ಲದ ಮಗು ಅಂತ ಸಾಕಿದ್ನಲ್ಲೋ," ಎಂದು ಅಲ್ಲೇ ಕೂತುಬಿಟ್ಟಳು. ನನಗಂತೂ ಅತ್ತೆಯ ಮೇಲೇ ಸಿಟ್ಟು ಬಂತು.

ಸಂಜೆ ಕಾವಲುಗಾರನನ್ನು ಬಿಟ್ಟರು. ಠಾಣೆಯ ಬಾಗಿಲಲ್ಲಿ ಅತ್ತೆಗೆ ಕೈ ಮುಗಿದವನು ಹೆಂಡತಿಯ ಕಡೆ ತಿರುಗಿ ನಕ್ಕ.

"ನಿನ್ನ ತಮ್ಮನೇ ಓಡಾಡಿ ಬಿಡಿಸಿರ್ಬೇಕು ಅಲ್ವಾ? ಎಲ್ಲಿ ಅವನು?"