ಕೆಂಪು ಚುಕ್ಕೆಯ ಡ್ರೈವ್

೨೦೧೧ರ ಸೆಪ್ಟೆಂಬರ್ ೧೪, ಬುಧವಾರ. ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಸೊರೊಕಾಬಾ ನಗರದ ಪೊಲೀಸ್ ಠಾಣೆಯೊಂದಕ್ಕೆ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಮನೆಯ ರಬ್ಬರ್ ಚಪ್ಪಲಿಯಲ್ಲೇ ಬಂದು ನಿಂತರು. ಹೆಸರು ಇವೆತೆ. ಮದುವೆಯಾಗದ ಅಣ್ಣ ಅನ್ಸೆಲ್ಮೊ ಜೊತೆ ವಾಸ. ಹಿತ್ತಲ ಕೋಣೆಗೆ ಕಾಫಿ ಕೊಡಲು ಹೋದರೆ ಅಣ್ಣ ರಕ್ತದಲ್ಲಿ ಬಿದ್ದಿದ್ದಾನೆ, ಮೈ ತಣ್ಣಗಾಗಿದೆ ಎಂದರು. ಎರಡು ಬೀದಿ ನಡೆದು ಬಂದಿದ್ದರೂ ಕಾಫಿ ಲೋಟ ಇನ್ನೂ ಕೈಯಲ್ಲೇ ಇತ್ತು.

ಇನ್‌ಸ್ಪೆಕ್ಟರ್ ಸುಯೆಲಿ ತವಾರೆಸ್ ಲೋಟವನ್ನು ಮೆಲ್ಲಗೆ ಬಿಡಿಸಿಕೊಂಡು ಮೇಜಿನ ಮೇಲಿಟ್ಟರು. ಕೊಲೆ ಎಂದು ಎಫ್‌ಐಆರ್ ದಾಖಲಾಯಿತು. ಎಂಟು ಗಂಟೆಗೆ ಅವರು ಕಾನ್‌ಸ್ಟೇಬಲ್ ಕ್ಲೆಬೆರ್ ಜೊತೆ ಸ್ಥಳದಲ್ಲಿದ್ದರು.

ಕೋಣೆಯ ತುಂಬ ಹಳೆಯ ಕಂಪ್ಯೂಟರುಗಳು. ಇಪ್ಪತ್ತು, ಇಪ್ಪತ್ತೈದು ವರ್ಷದ ಹಿಂದಿನವು; ಗುಜರಿಯವನೂ ಮೂಸಿ ನೋಡದಂಥವು. ಅನ್ಸೆಲ್ಮೊ ಕುರ್ಚಿಯಿಂದ ಪಕ್ಕಕ್ಕೆ ಉರುಳಿದ್ದ. ತಲೆಯ ಹಿಂಭಾಗಕ್ಕೆ ಒಂದೇ ಪೆಟ್ಟು. ಕಬ್ಬಿಣದ ಪೆಟ್ಟಿಗೆಯ ಸ್ಟೆಬಿಲೈಸರ್ ಒಂದು ಪಕ್ಕದಲ್ಲೇ ಬಿದ್ದಿತ್ತು, ಅದರ ಮೂಲೆಗೆ ಕೂದಲು ಅಂಟಿತ್ತು. ಮೇಜಿನ ಮೇಲೆ ಮುಚ್ಚಳ ತೆಗೆದ ಕಂಪ್ಯೂಟರ್ ಇನ್ನೂ ಓಡುತ್ತಿತ್ತು. ಕಪ್ಪು ಪರದೆಯ ಮೇಲೆ ದೋಷವೆಂದು ಹೇಳುವ ಒಂದು ಸಾಲು. ಒಳಗಿನಿಂದ ಮೂರು ತಂತಿಗಳು ಹೊರಗೆ ಜೋತುಬಿದ್ದಿದ್ದವು, ಅವುಗಳ ತುದಿಗೆ ಏನೂ ಇರಲಿಲ್ಲ. ತಂತಿಗಳ ಕೆಳಗೆ ಮಡಿಸಿಟ್ಟ ಬಟ್ಟೆ, ಅದರ ಮೇಲೆ ಇಟ್ಟಿಗೆಯಷ್ಟು ದೊಡ್ಡ ವಸ್ತು ಕೂತಿದ್ದ ಗುರುತು. ಕೈಗಡಿಯಾರ, ಪರ್ಸು, ಮೊಬೈಲು ಎಲ್ಲವೂ ಇದ್ದವು. ಉಗುರಿಗೆ ಹಚ್ಚುವ ಕೆಂಪು ಬಣ್ಣದ ಬಾಟಲಿಯೂ ಒಂದಿತ್ತು. ಪಂಚನಾಮೆಯಲ್ಲಿ ಅದನ್ನೂ ಬರೆದುಕೊಂಡರು.

"ಈ ಸಾಮಾನಿಗೆ ಯಾರು ಕೊಲೆ ಮಾಡ್ತಾರೆ ಡಾಕ್ಟ್ರಮ್ಮ?" ಎಂದ ಕ್ಲೆಬೆರ್. "ಪುಕ್ಕಟೆ ತಗೊಂಡು ಹೋಗು ಅಂದ್ರೂ ನಾನಂತೂ ಒಲ್ಲೆ."

ಕಾನೂನು ಓದಿ ಠಾಣೆ ನಡೆಸುವವರನ್ನು ಇಲ್ಲಿ ಡಾಕ್ಟರೆಂದೇ ಕರೆಯುವುದು. ನೆಗಡಿಗೆ ಮದ್ದು ಗೊತ್ತಿರಬೇಕೆಂದೇನಿಲ್ಲ.

"ಏನೋ ಒಂದನ್ನ ತಗೊಂಡು ಹೋಗಿದ್ದಾನಲ್ಲ," ಎಂದರು ತವಾರೆಸ್. "ಅದೇನು ಅಂತ ಮೊದಲು ಗೊತ್ತಾಗಲಿ."

ಇವೆತೆ ಬಾಗಿಲಲ್ಲೇ ನಿಂತಿದ್ದರು. ಹಿಂದಿನ ಸಂಜೆ ಚರ್ಚಿಗೆ ಹೋಗಿದ್ದರು; ವಾಪಸು ಬಂದಾಗ ಹಿತ್ತಲ ಕೋಣೆಯಲ್ಲಿ ದೀಪ ಇತ್ತು, ಅದು ದಿನಾ ಇರುವುದೇ ಎಂದು ಮಲಗಿಬಿಟ್ಟರು.

"ಈ ನೈಲ್ ಪಾಲಿಶ್ ನಿಮ್ದಾ ಇವೆತೆಯಮ್ಮ?" ಎಂದರು ತವಾರೆಸ್.

"ನಂದೇ. ಕದ್ದು ತರ್ತಿದ್ದ. ತನ್ನ ಸಾಮಾನಿಗೆಲ್ಲ ಒಂದು ಚುಕ್ಕೆ ಇಡ್ತಿದ್ದ, ಬೇರೆಯವರದ್ರ ಜೊತೆ ಬೆರೆಯಬಾರ್ದು ಅಂತ. ನನ್ನ ಉಗುರಿಗೆ ಹಚ್ಚಿದ್ದಕ್ಕಿಂತ ಆ ಡಬ್ಬಗಳಿಗೆ ಹಚ್ಚಿದ್ದೇ ಹೆಚ್ಚು." ಹೇಳುತ್ತಾ ನಗಲು ಹೋಗಿ ಅತ್ತುಬಿಟ್ಟರು.

ಶವವನ್ನು ಮರಣೋತ್ತರ ಪರೀಕ್ಷೆಗೆ ಕಳಿಸಿದ ಮೇಲೆ ತೆಲ್ಮೊ ಎಂಬವನನ್ನು ಕರೆಸಿದರು. ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವ ಮೇಷ್ಟ್ರು, ಹಳೆಯ ಕಂಪ್ಯೂಟರಿನ ಹುಚ್ಚರ ಶನಿವಾರದ ಕೂಟಕ್ಕೆ ತಾನೇ ಯಜಮಾನ ಎಂದುಕೊಂಡವನು. ಗೆಳೆಯ ಸತ್ತ ದುಃಖದಲ್ಲೂ ಪಾಠ ಮಾಡುವ ಚಾಳಿ ಬಿಟ್ಟಿರಲಿಲ್ಲ. ಜೋತುಬಿದ್ದ ತಂತಿ ನೋಡಿದ್ದೇ, "ಹಾರ್ಡ್ ಡ್ರೈವ್ ಕಿತ್ಕೊಂಡು ಹೋಗಿದ್ದಾನೆ," ಎಂದ.

"ಬೆಲೆ?"

"ಸಂತೇಲಿ ಕರಿದು ಕೊಡೋ ಒಂದು ಪಾಸ್ತೆಲ್, ಒಂದು ಲೋಟ ಕಬ್ಬಿನ ಹಾಲು. ಅಷ್ಟೇ."

"ಹಾಗಾದ್ರೆ ಬೆಲೆ ಅದರೊಳಗೆ ಇರೋದಕ್ಕೆ."

"ಆಹಾ, ಡಾಕ್ಟ್ರಮ್ಮ ನಮ್ಮ ಕೂಟಕ್ಕೆ ಸೇರಬಹುದು." ತೆಲ್ಮೊ ಕಂಪ್ಯೂಟರಿನೊಳಗಿನ ಹಸಿರು ಹಲಗೆಯೊಂದನ್ನು ತೋರಿಸಿದ. "ಇದು ಕಂಟ್ರೋಲರ್ ಕಾರ್ಡ್. ಆ ಕಾಲದ ಡ್ರೈವ್‌ಗೆ ಸ್ವಂತ ಬುದ್ಧಿ ಇಲ್ಲ. ಬರೆಯೋದು, ಓದೋದು ಎಲ್ಲ ಈ ಕಾರ್ಡ್. ಯಾವ ಕಾರ್ಡು ಬರೆದಿತ್ತೋ ಅದೇ ಜಾತಿ ಕಾರ್ಡೇ ಓದ್ಬೇಕು. ಬೇರೆ ಜಾತಿ ಹಾಕಿದ್ರೆ ಡ್ರೈವ್ ಖಾಲಿ ಅಂತ ಹೇಳುತ್ತೆ. ಆಗ ಅವಸರದ ಮುಂಡೇಗಂಡರು ಏನು ಮಾಡ್ತಾರೆ? ಖಾಲಿನೇ ಇರ್ಬೇಕು ಅಂತ ಫಾರ್ಮ್ಯಾಟ್ ಹೊಡೀತಾರೆ. ಬುಡಸಮೇತ ಅಳಿಸಿಹೋಯ್ತು. ಆ ದೇವರೇ ಬಂದ್ರೂ ವಾಪಸ್ ಬರಲ್ಲ. ಪ್ರತಿ ಶನಿವಾರ ನಾನು ಇದನ್ನ ಬಾಯಿ ನೋಯೋ ಹಾಗೆ ಹೇಳ್ತೀನಿ."

"ಅನ್ಸೆಲ್ಮೊ ಅವಸರದವನಾ?"

"ಅವನಾ? ಬಸವನಹುಳು. ಹೊಸದಾಗಿ ಕಾರ್ಡ್ ಸಿಕ್ಕಿದ್ರೆ ಮೊದಲು ತನ್ನ ಸ್ವಂತ ಡ್ರೈವ್‌ಗೆ ಸಿಕ್ಕಿಸ್ತಿದ್ದ. ಪೂರ್ತಿ ಫಾರ್ಮ್ಯಾಟ್ ಮಾಡಿ, ಬರೆದು, ಓದಿ, ಕಾರ್ಡು ಸರಿ ಇದೆ ಅಂತ ಖಾತ್ರಿ ಆದ್ಮೇಲೇ ಇನ್ನೊಬ್ಬರ ಡ್ರೈವ್ ಮುಟ್ಟೋದು. 'ಊರ ಮಕ್ಕಳಿಗೆ ಮದ್ದು ಕುಡಿಸೋ ಮುಂಚೆ ನಾನು ಕುಡೀಬೇಕು' ಅಂತಿದ್ದ."

ತವಾರೆಸ್ ಕಪಾಟಿನ ಕಡೆ ತಿರುಗಿದರು. ಮೇಲಿನ ಹಲಗೆಯಲ್ಲಿ ಹತ್ತಿ ತುಂಬಿದ ಪೆಟ್ಟಿಗೆ, ಅದರಲ್ಲಿ ನೀಲಿ ಬಟ್ಟೆಯಲ್ಲಿ ಸುತ್ತಿದ ಗಂಟು. ಬಿಚ್ಚಿದರೆ ಒಂದು ಡ್ರೈವ್. ಸುತ್ತಿದ್ದ ಬಟ್ಟೆ ಬಸ್ ಚಾಲಕರ ಸಮವಸ್ತ್ರದ ಅಂಗಿಯ ಅರ್ಧ ಭಾಗ.

ತೆಲ್ಮೊ ಬಟ್ಟೆಯ ಅಂಚನ್ನು ಮುಟ್ಟಿ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ: "ಇದು ಜುರಾಂದಿರ್ ಅವರದು. ಬಸ್ ಓಡಿಸ್ತಿದ್ದವರು. ಮಗ ಗಿಲ್ಮಾರ್ ಹತ್ತೊಂಬತ್ತಕ್ಕೇ ಬೈಕಿಂದ ಬಿದ್ದು ಹೋದ, ತೊಂಬತ್ತಮೂರರಲ್ಲಿ. ಅವನು ಅಪ್ಪನಿಗೋಸ್ಕರ ಏನೋ ಒಂದು ಪ್ರೋಗ್ರಾಮ್ ಬರೀತಿದ್ದನಂತೆ. ಮುಗಿದ ಮೇಲೆ ತೋರಿಸ್ತೀನಿ ಅಂದಿದ್ದನಂತೆ. ಮನೆ ಸೋರಿ ಕಂಪ್ಯೂಟರ್ ಹಾಳಾಯ್ತು, ಕಾರ್ಡು ತುಕ್ಕು ಹಿಡೀತು, ಇದೊಂದು ಉಳೀತು. ಎರಡು ವರ್ಷದಿಂದ ಪ್ರತಿ ಶನಿವಾರ ಬರ್ತಾರೆ. ಮೂಲೇಲಿ ಕೂತು ನಮ್ಮ ಮಾತು ಕೇಳ್ತಾರೆ. ಕಾರ್ಡ್ ಸಿಕ್ತಾ ಅಂತ ಕೇಳಿ ಹೋಗ್ತಾರೆ."

"ಸಿಕ್ಕಿತ್ತಾ?"

"ಅನ್ಸೆಲ್ಮೊ ಮೂರು ಕಾರ್ಡ್ ತರಿಸಿದ್ದ. ಎರಡು ಬೇರೆ ಜಾತಿ, ಬೇಡ ಅಂದ. ಮೂರನೇದು ಈ ವಾರ ರಿಯೊದಿಂದ ಬರ್ಬೇಕಿತ್ತು." ತೆಲ್ಮೊ ಬಗ್ಗಿ ನೋಡಿದ. "ಇದೇ ಅದು. ಸರಿಯಾದ ಕಾರ್ಡು."

ಅನ್ಸೆಲ್ಮೊನ ಮೊಬೈಲಿನಿಂದ ಹೋದ ಕೊನೆಯ ಕರೆ ಮಂಗಳವಾರ ಮಧ್ಯಾಹ್ನದ್ದು, ಜುರಾಂದಿರ್ ಮನೆಯ ನಂಬರಿಗೆ. ಸಾವು ಅಂದೇ ಸಂಜೆ ಐದರಿಂದ ಏಳರೊಳಗೆ ಆಗಿದೆ ಎಂದು ವೈದ್ಯರು ಹೇಳಿದರು.

ಬುಧವಾರ ಮಧ್ಯಾಹ್ನವೇ ತವಾರೆಸ್ ಮತ್ತು ಕ್ಲೆಬೆರ್ ಜುರಾಂದಿರ್ ಮನೆಗೆ ಹೋದರು. ಬಾಗಿಲು ತೆರೆದವರು ಎಪ್ಪತ್ತು ದಾಟಿದ ತೆಳ್ಳನೆಯ ಮನುಷ್ಯ. ಕ್ಷೌರ ಮಾಡಿಕೊಂಡು ಒಗೆದ ಅಂಗಿ ತೊಟ್ಟಿದ್ದರು. ಮೇಜಿನ ಮೇಲೆ ಅಂಗಿಯ ಇನ್ನರ್ಧ ಭಾಗದಲ್ಲಿ ಸುತ್ತಿದ ಗಂಟು, ಅದರ ಪಕ್ಕದಲ್ಲಿ ಮಗನ ಫೋಟೋ.

"ಕಾಫಿ ಮಾಡ್ಲಾ?" ಎಂದರು.

"ಬೇಡ. ನಿನ್ನೆ ಅನ್ಸೆಲ್ಮೊ ಮನೆಗೆ ಹೋಗಿದ್ರಾ?"

"ಹೋಗಿದ್ದೆ."

"ಎಷ್ಟು ಹೊತ್ತಿಗೆ?"

"ಆರಕ್ಕೆ ಬಾ ಅಂದಿದ್ದ. ತಡೀಲಿಲ್ಲ, ಐದೂವರೆಗೇ ಹೋದೆ."

"ಏನಾಯ್ತು?"

ಅವರು ಗಂಟಿನ ಮೇಲೆ ಕೈಯಿಟ್ಟುಕೊಂಡರು. "ಪರದೆ ಮೇಲೆ ನಂಬರ್ ಓಡ್ತಿತ್ತು. ಏನು ಮಾಡ್ತಿದ್ದೀಯ ಅಂದೆ. ತಿರುಗಿ ಕೂಡ ನೋಡ್ಲಿಲ್ಲ. 'ಫಾರ್ಮ್ಯಾಟ್, ಒಂದ್ನಿಮಿಷ ಇರಿ' ಅಂತ ಕೈ ಎತ್ತಿದ. ಫಾರ್ಮ್ಯಾಟ್ ಅಂದ್ರೇನು ಅಂತ ನಂಗೊತ್ತು. ಎರಡು ವರ್ಷ ಮೇಷ್ಟ್ರ ಬಾಯಿಂದ ಕೇಳಿದೀನಿ. ನನ್ನ ಹುಡುಗನನ್ನ ಒಂದು ಸಲ ರಸ್ತೆ ತಿಂತು. ಇನ್ನೊಂದು ಸಲ ಇವನು, ನನ್ನ ಕಣ್ಣೆದುರಿಗೇ. ಕೈಗೆ ಏನು ಸಿಕ್ತೋ ಗೊತ್ತಿಲ್ಲ."

"ಆಮೇಲೆ?"

"ಕಿತ್ಕೊಂಡು ಬಂದೆ. ಅಳಿಸಿದ್ರೂ ನನ್ನ ಹುಡುಗನ ಕೈ ಮುಟ್ಟಿದ್ದಲ್ವಾ? ನೀವು ಬರ್ತೀರ ಅಂತ ಕಾಯ್ತಾ ಇದ್ದೆ."

ತವಾರೆಸ್ ಗಂಟು ಬಿಚ್ಚಿ ಡ್ರೈವನ್ನು ಮಗುಚಿ ನೋಡಿದರು. ತಳದಲ್ಲಿ ಕೆಂಪು ಚುಕ್ಕೆ ಇತ್ತು. ಕ್ಲೆಬೆರ್ ಬಾಯಿ ತೆರೆದ. ಅವರು ಕಣ್ಣಲ್ಲೇ ತಡೆದರು. ಡ್ರೈವ್ ಜಪ್ತಿಯಾಯಿತು, ಜುರಾಂದಿರ್ ಬಂಧನವಾಯಿತು. ಮೆಟ್ಟಿಲಿಳಿಯುವಾಗ ಮುದುಕ ಎಡವಬಾರದೆಂದು ಕ್ಲೆಬೆರ್ ತೋಳು ಹಿಡಿದುಕೊಂಡ.

ಮರುದಿನ ಬೆಳಿಗ್ಗೆ ತವಾರೆಸ್‌ಗೆ ಒಂದು ಕೆಲಸ ಬಾಕಿಯಿತ್ತು, ಅದು ಅವರಿಗೆ ಬೇಡವಾಗಿತ್ತು. ಕಪಾಟಿನ ಡ್ರೈವನ್ನು ವಾರಸುದಾರ ಪಂಚರೆದುರು ಗುರುತಿಸಬೇಕು. ಆ ಡ್ರೈವ್ ಇಲ್ಲದೆಯೂ ಕೇಸು ನಿಲ್ಲುತ್ತಿತ್ತು. ಈ ಮನುಷ್ಯ ತಿಳಿಯದೆಯೇ ಜೈಲಿಗೆ ಹೋಗಲಿ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಆದರೆ ಮಗ ಬರೆದದ್ದನ್ನು ಅಪ್ಪನಿಂದ ಮುಚ್ಚಿಡಲು ತಾನು ಯಾರು ಎಂದುಕೊಂಡು ಅವರನ್ನು ಕರೆಸಿದರು.

ಠಾಣೆಯ ಮೇಜಿನ ಮೇಲೆ ಅನ್ಸೆಲ್ಮೊನ ಕಂಪ್ಯೂಟರ್, ಅದರೊಳಗೆ ಅವನೇ ಆರಿಸಿದ ಕಾರ್ಡು. ನೀಲಿ ಬಟ್ಟೆಯ ಡ್ರೈವನ್ನು ತೆಲ್ಮೊ ಮೂರು ತಂತಿಗೂ ಸಿಕ್ಕಿಸಿದ.

"ಇದ್ಯಾವ್ದು?" ಎಂದರು ಜುರಾಂದಿರ್.

"ನಿಮ್ದು," ಎಂದರು ತವಾರೆಸ್. "ನೀವು ತಗೊಂಡು ಹೋಗಿದ್ದು ಅನ್ಸೆಲ್ಮೊದು. ಅವರು ಅಳಿಸ್ತಿದ್ದದ್ದೂ ಅವರದ್ದೇ. ನಿಮ್ಮದನ್ನ ಮುಟ್ಟೋ ಮುಂಚೆ ಕಾರ್ಡು ಪರೀಕ್ಷೆ ಮಾಡ್ತಿದ್ರು."

ಡ್ರೈವ್ ಗುರ್ರೆಂದು ತಿರುಗತೊಡಗಿತು. ಪರದೆಯ ಮೇಲೆ ಒಂದು ಹಸಿರು ಬಸ್ಸು ಮೂಡಿತು. ಹಣೆಯ ಮೇಲೆ ಹದಿನೇಳನೇ ನಂಬರು, ಕೆಳಗೆ 'ಚಾಲಕ: ಜುರಾಂದಿರ್' ಎಂಬ ಅಕ್ಷರ. ಅದೊಂದು ಆಟ. ಕ್ಲೆಬೆರ್ ಗುಂಡಿ ಒತ್ತಿದ. ಬಸ್ಸು ಒಂದು ನಿಲ್ದಾಣಕ್ಕೆ ಬಂದು ನಿಂತಿತು. ಜನ ಹತ್ತಿದರು. ಮತ್ತೆ ಒತ್ತಿದ, ಬಸ್ಸು ಕದಲಲಿಲ್ಲ. ಎಷ್ಟು ಒತ್ತಿದರೂ ಕದಲಲಿಲ್ಲ.

"ಕೆಟ್ಟಿರ್ಬೇಕು," ಎಂದ.

"ಇಲ್ಲ, ನೋಡು," ಎಂದರು ತವಾರೆಸ್. ಪರದೆಯ ಅಂಚಿನಿಂದ ಕಡ್ಡಿಯಂಥ ಪುಟ್ಟ ಮನುಷ್ಯನೊಬ್ಬ ಕೈ ಬೀಸುತ್ತ ಓಡಿ ಬರುತ್ತಿದ್ದ. ಅವನು ಹತ್ತಿದ ಮೇಲೆ ಬಸ್ಸು ತಾನಾಗಿ ಹೊರಟಿತು.

"ನಾನು ಹಾಗೇ ಮಾಡ್ತಿದ್ದೆ," ಎಂದರು ಜುರಾಂದಿರ್. ದನಿ ತೀರ ಸಣ್ಣದಾಗಿತ್ತು. "ಓಡಿ ಬರೋರನ್ನ ಬಿಟ್ಟು ಹೋಗ್ತಿರಲಿಲ್ಲ. ತಡ ಆಯ್ತು ಅಂತ ಕಂಪನಿಯವರು ಎಷ್ಟು ಸಲ ಬೈದಿದ್ರು. ಹುಡುಗ ಹಿಂದಿನ ಸೀಟಲ್ಲಿ ಕೂತು ನೋಡ್ತಿದ್ದ."

ಬಸ್ಸು ಮುಂದಿನ ನಿಲ್ದಾಣದಲ್ಲಿ ನಿಂತಿತು. ಮತ್ತೊಬ್ಬ ದೂರದಿಂದ ಓಡಿ ಬರತೊಡಗಿದ.

ಆರೋಪಪಟ್ಟಿಯಲ್ಲಿ ಕೃತ್ಯಕ್ಕೆ ಕಾರಣ ಎಂಬಲ್ಲಿ ತವಾರೆಸ್ ಬರೆದದ್ದು ಇಷ್ಟೆ: ಸತ್ತ ಮಗನ ಕೊನೆಯ ಗುರುತನ್ನು ಮೃತನು ಅಳಿಸಿದನೆಂಬ ತಪ್ಪು ನಂಬಿಕೆ. ಆದರೆ ಆ ಬೆಳಿಗ್ಗೆ ಪಂಚನಾಮೆಗೆ ಸಹಿ ಹಾಕುವಾಗ ಜುರಾಂದಿರ್ ಪರದೆಯಿಂದ ಕಣ್ಣು ಕೀಳದೆ ಹೇಳಿದ ಮಾತನ್ನು ಅವರು ಯಾವ ಕಾಗದದಲ್ಲೂ ಬರೆಯಲಿಲ್ಲ.

"ಒಂದ್ನಿಮಿಷ ಇರಿ ಅಂದಿದ್ದ. ಅಷ್ಟೇ ಕೇಳಿದ್ದು ಅವನು."